ಅಪ್ಪನ ದುಶ್ಚಟ ಮತ್ತು ಬಾಗಿಲಿನ ನೋಟೀಸು

ನೋಟೀಸು ಅಂಟಿಸಲು ಬಂದವನು ಸೆಂಟು ಹಾಕಿಕೊಂಡಿದ್ದ. ಅವ್ವನ ಲೆಕ್ಕದಲ್ಲಿ ಅವನ ಮೊದಲ ಅಪರಾಧ ಅದು. ಮನೆ ಕಿತ್ತುಕೊಳ್ಳಲು ಬಂದದ್ದು ಆಮೇಲಿನದು.

ಕೂಟಗಲ್ ಕಡೆಯ ನಮ್ಮ ಮನೆಯಲ್ಲಿ ನಡುಮನೆ ರೇಷ್ಮೆ ಹುಳುಗಳದ್ದು, ಮಿಕ್ಕಿದ್ದು ನಮ್ಮದು. ಹುಳು ಮೇಯುವಾಗ ಹೊರಗಿನವರು ಒಳಗೆ ಬರುವಂತಿಲ್ಲ. ಬೀಡಿ ಹೊಗೆ ಆಗದು, ಸೀಮೆಎಣ್ಣೆ ಆಗದು, ಮುಡಿದ ಮಲ್ಲಿಗೆಯೂ ಆಗದು. ಹೊಸ್ತಿಲಾಚೆ ಸುಣ್ಣ ಮತ್ತು ಬ್ಲೀಚಿಂಗ್ ಪೌಡರಿನ ಬಿಳಿ ಗೀಟು. ಒಡಹುಟ್ಟಿದ ತಮ್ಮ ಬಂದರೂ ಅವ್ವ ಅವನನ್ನು ಜಗಲಿಯಲ್ಲೇ ಕೂರಿಸಿ ಕಾಫಿ ಕೊಡುತ್ತಾಳೆ. ಇದರಲ್ಲಿ ಅರ್ಧ ವಿಜ್ಞಾನ, ಅರ್ಧ ಅವ್ವ ಎಂಬುದು ನನ್ನ ಅಭಿಪ್ರಾಯ. ಯಾವುದು ಎಲ್ಲಿಗೆ ಮುಗಿಯುತ್ತದೆ ಎಂದು ಅವಳೊಡನೆ ವಾದಕ್ಕಿಳಿದು ಪ್ರತಿ ಸಲವೂ ಸೋತಿದ್ದೇನೆ.

"ಒಳೀಕೆ ಬರಬ್ಯಾಡಿ, ಹುಳ ಅವೆ," ಎಂದಳಂತೆ ಅವನಿಗೆ.

"ಅಮ್ಮಾ, ನಾನು ಕಂಪನಿ ಕಡೆಯಿಂದ..."

"ಯಾವ ಕಡೆಯಿಂದಾನಾ ಬನ್ನಿ, ಆ ಗೀಟು ದಾಟಬ್ಯಾಡಿ. ಏನ್ ವಾಸ್ನೆ ಮೆತ್ಕೊಂಡ್ ಬಂದಿದ್ದೀರಪ್ಪಾ!"

"ಸರಿ, ಹಂಗಾದ್ರೆ ಬಾಗಿಲು ಹಾಕ್ಕೊಳಿ," ಎಂದ ಅವನು. ಅವ್ವ ಸಂತೋಷದಿಂದ ಹಾಕಿಕೊಂಡಳು. ಅವನು ಮುಚ್ಚಿದ ಬಾಗಿಲಿಗೆ ಗೋಂದು ಬಳಿದು, ಕಾಗದ ಅಂಟಿಸಿ, ಫೋಟೊ ತೆಗೆದುಕೊಂಡು ಹೋದ.

ಸಂಜೆ ನಾನು ರಾಮನಗರದಿಂದ ಬಂದಾಗ ಅದು ಇನ್ನೂ ಹಸಿಯಾಗಿತ್ತು. ನಾನು ಅಲ್ಲಿನ ಒಂದು ಖಾಸಗಿ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಹೇಳಿಕೊಡುತ್ತೇನೆ. ಜಗಲಿಯಲ್ಲಿ ನಿಂತು ಎರಡು ಸಲ ಓದಿದೆ. ಕಂತು ಕಟ್ಟದ ಕಾರಣ ಈ ಮನೆ ಇನ್ನು ಕಾಗದದ ಮೇಲೆ ಸಾಲ ಕೊಟ್ಟ ಫೈನಾನ್ಸ್ ಕಂಪನಿಯ ಸ್ವಾಧೀನದಲ್ಲಿದೆ, ಮುಂದೆ ಖಾಲಿ ಮಾಡಿಸಿ ಹರಾಜು ಹಾಕಲಾಗುವುದು ಎಂದಿತ್ತು.

ಕಂತು ನಿಂತದ್ದು ನಿಜ. ಅಪ್ಪನಿಗೆ ಒಂದು ಮಿನಿ ಬಸ್ಸಿತ್ತು. ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಗೆ ನಮ್ಮ ಕಡೆಯ ಹಳ್ಳಿಗಳಿಂದ ಕೆಲಸಗಾರರನ್ನು ಹೊತ್ತೊಯ್ದು ತರುತ್ತಿತ್ತು. ಆ ದುಡಿಮೆಯ ಧೈರ್ಯದ ಮೇಲೆ ಮನೆಸಾಲ ತೆಗೆದದ್ದು. ಕಾರ್ಖಾನೆಯವರು ಸಾಗಣೆಯ ಕೆಲಸವನ್ನೆಲ್ಲ ಒಟ್ಟಿಗೆ ಒಬ್ಬ ದೊಡ್ಡ ಕಾಂಟ್ರಾಕ್ಟರಿಗೆ ಕೊಟ್ಟ ಮೇಲೆ ಬಸ್ಸು ಮನೆಯ ಪಕ್ಕ ನಿಂತಿತು. ಅಪ್ಪ ಮಾತ್ರ ದಿನಾ ಬೆಳಿಗ್ಗೆ ಅದನ್ನು ತೊಳೆಯುತ್ತಿದ್ದರು. ಮಾರಿಬಿಡು ಎಂದರೆ, "ಕಾಂಟ್ರಾಕ್ಟು ತಿರುಗಾ ಬತ್ತದೆ ಕಣವ್ವ, ಆಗ ಗಾಡಿ ಎಲ್ಲಿಂದ ತರಾನ?" ಎನ್ನುತ್ತಿದ್ದರು.

ಅಂಟಿಸಿದ ನೋಟೀಸಿಗೂ ಮೊದಲು ರಿಜಿಸ್ಟರ್ ಅಂಚೆಯಲ್ಲಿ ಬೇರೆಯವು ಬಂದಿದ್ದವು. ಅವನ್ನು ಅಪ್ಪ ಪೋಸ್ಟ್‌ಮ್ಯಾನ್ ಕೈಯಲ್ಲೇ ವಾಪಸು ಕಳಿಸಿದ್ದರಂತೆ. ರಿಜಿಸ್ಟರು ಕೈಗೆ ಈಸಿಕೊಳ್ಳದಿದ್ದರೆ ಅದರೊಳಗಿನ ಸಂಗತಿ ನಡೆದೇ ಇಲ್ಲ ಎಂಬ ನಂಬಿಕೆ ನಮ್ಮ ಕಡೆ ಎಷ್ಟು ಗಟ್ಟಿ ಎಂದರೆ, ಅದನ್ನು ಅಲುಗಾಡಿಸಲು ಯಾವ ಪಕ್ಷಕ್ಕೂ ಆಗಿಲ್ಲ, ಯಾವ ಪಠ್ಯಪುಸ್ತಕಕ್ಕೂ ಆಗಿಲ್ಲ.

"ತಗೊಂಡಿಲ್ಲ ಅಂದ್ರೂ ತಗೊಂಡಂಗೇ ಲೆಕ್ಕ ಅಪ್ಪಾ," ಎಂದೆ.

"ಅದ್ಯೆಂಗೆ? ಊಟ ಮಾಡ್ದೆ ಉಂಡಂಗೆ ಲೆಕ್ಕ ಆಯ್ತದಾ?"

ಒಳ್ಳೆಯ ಪ್ರಶ್ನೆ. ಕಾಲೇಜಿನ ಚರ್ಚಾಸ್ಪರ್ಧೆಯಲ್ಲಾಗಿದ್ದರೆ ನಾನೇ ಮೇಜು ಕುಟ್ಟುತ್ತಿದ್ದೆ.

ಆ ಚರ್ಚಾಸ್ಪರ್ಧೆಗಳ ಬಗ್ಗೆ ಒಂದು ಮಾತು ಹೇಳಬೇಕು. ಅಲ್ಲಿ ಪರವೋ ವಿರೋಧವೋ ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸುತ್ತಾರೆ. ನಂಬದ್ದನ್ನೂ ನಂಬಿದವಳ ಹಾಗೆ ವಾದಿಸುವುದನ್ನು ನಾನು ವರ್ಷಗಟ್ಟಲೆ ಕಲಿತಿದ್ದೇನೆ, ಬಹುಮಾನದ ಕಪ್ಪುಗಳನ್ನೂ ತಂದಿದ್ದೇನೆ. ಅದರಿಂದ ಬಂದ ಒಂದು ರೋಗವೂ ಇದೆ: ಯಾರಾದರೂ ಪೂರ್ತಿ ನಂಬಿಕೆಯಿಂದ ಮಾತಾಡಿದರೆ ಮೊದಲು ಅನುಮಾನ ಪಡುತ್ತೇನೆ. ವಕೀಲರನ್ನು ಹುಡುಕುವ ಹೊತ್ತಿಗೆ ಈ ರೋಗ ನಮ್ಮ ಮನೆಯವರಿಗೆ ಬಹಳ ತೊಂದರೆ ಕೊಟ್ಟಿತು.

ನಮ್ಮಲ್ಲಿ ವಕೀಲರನ್ನು ಹುಡುಕುವುದು ಎಂದರೆ ಸಂಬಂಧ ಹುಡುಕಿದ ಹಾಗೆಯೇ. ಯಾವ ಕೇಸು ನಡೆಸುತ್ತಾರೆ, ಯಾವ ಕೋರ್ಟಿಗೆ ಹೋಗುತ್ತಾರೆ ಎಂದು ಯಾರೂ ಕೇಳುವುದಿಲ್ಲ. "ಯಾರ ಕಡೆಯೋರು?" ಎಂಬುದೇ ಮೊದಲ ಪ್ರಶ್ನೆ, ಎಷ್ಟೋ ಸಲ ಕೊನೆಯದೂ ಅದೇ. ನಮ್ಮ ಪಾಲಿಗೆ ಉತ್ತರ ಸೋದರಮಾವನ ಬಳಿ ಸಿದ್ಧವಿತ್ತು. ಕನಕಪುರದ ಒಬ್ಬ ವಕೀಲರು ಅವನಿಗೆ ಬದುವಿನ ಜಗಳವೊಂದನ್ನು ಗೆದ್ದುಕೊಟ್ಟಿದ್ದರು. "ನಮ್ಮೋರೇ. ಹುಲಿ ಕಣವ್ವ. ಒಂದು ಸ್ಟೇ ತಂದ್ರೆ ಆಯ್ತು, ಕಂಪನಿಯೋರು ಈ ಕಡೆ ತಲೆ ಹಾಕಿ ಮಲಗಲ್ಲ."

ಅಪ್ಪ, ಮಾವ, ನಾನು ಹೋದೆವು. ಅವ್ವ ಹುಳು ಬಿಟ್ಟು ಬರುವ ಹಾಗಿರಲಿಲ್ಲ.

ಹುಲಿ ನಮ್ಮ ಕಾಗದಗಳನ್ನು ಮುಟ್ಟಲಿಲ್ಲ. ಮಾವನಿಂದ ಕಥೆ ಕೇಳಿಕೊಂಡು, ನನ್ನನ್ನು ನೋಡಿ, "ಮಗಳಾ? ಮದುವೆ ಆಗಿದೆಯಾ? ಇಲ್ವಾ? ಒಳ್ಳೇದಾಯ್ತು," ಎಂದರು.

ಯಾಕೆ ಒಳ್ಳೆಯದಾಯಿತು ಎಂಬುದು ಆಮೇಲೆ ತಿಳಿಯಿತು. ಅವರ ಉಪಾಯ ಸರಳ. ಮಗಳು ಅಪ್ಪನ ಮೇಲೆ ಪಾಲಿನ ದಾವೆ ಹೂಡುವುದು. ಇದು ಪಿತ್ರಾರ್ಜಿತದ ದುಡ್ಡಿನಲ್ಲಿ ಕಟ್ಟಿದ ಮನೆ, ಇದರಲ್ಲಿ ನನಗೂ ಪಾಲಿದೆ, ನನ್ನನ್ನು ಕೇಳದೆ ಅಪ್ಪ ಅಡವಿಟ್ಟಿದ್ದಾರೆ ಎನ್ನುವುದು. ಅಪ್ಪ ಮಗಳು ಕೋರ್ಟಿನಲ್ಲಿ ವರ್ಷಾನುಗಟ್ಟಲೆ ಕಿತ್ತಾಡುತ್ತಿದ್ದರೆ ಕಂಪನಿಯವರು ಕಾಯಲೇಬೇಕು. ಮನೆಯಲ್ಲಿ ಮಾತ್ರ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣಬಹುದು.

"ಇದೇನ್ ಹೊಸ್ದಲ್ಲ ಬುಡವ್ವ," ಎಂದ ಮಾವ. "ನಮ್ಮೂರಲ್ಲೇ ಎಷ್ಟ್ ಜನ ಹಾಕವ್ರೆ. ಮಾಗಡಿ ಕಡೆ ನನ್ ಷಡ್ಡಕನ ಮಗಳೂ ಹಾಕವ್ಳೆ. ಅವರಪ್ಪನೇ ಸ್ಕೂಟರಲ್ಲಿ ಕೋರ್ಟಿಗ್ ಕರ್ಕೊಂಡ್ ಹೋಯ್ತನೆ."

ಒಪ್ಪುತ್ತೇನೆ, ನನಗೂ ಮೊದಲು ನಗು ಬಂತು. ಆಮೇಲೆ, ಸುಳ್ಳು ಪಕ್ಷ ಹಿಡಿದು ವಾದಿಸುವುದು ನನಗೇನು ಹೊಸದೇ ಎಂದೂ ಅನ್ನಿಸಿತು. ಗುಮಾಸ್ತ ದಾವೆಯ ಕರಡನ್ನು ಟೈಪು ಮಾಡಿ ತಂದ. ಇಂಥ ದಾವೆಗೆ ಅವರ ಬಳಿ ಒಂದು ಅಚ್ಚು ಇತ್ತು. ಹೆಸರು, ಊರು ಬದಲಾಯಿಸಿದರೆ ಸಾಕು. ಹೊರಗಿನ ಬೆಂಚಿನ ಮೇಲೆ ಕೂತು ಓದಿದೆ. ಪಕ್ಕದಲ್ಲಿ ಅಪ್ಪನೂ ಕನ್ನಡಕ ಹಾಕಿಕೊಂಡು ಇಣುಕಿದರು. ಎರಡನೆಯ ಪುಟದಲ್ಲಿ ಹೀಗಿತ್ತು: "ಪ್ರತಿವಾದಿಯು ದುಶ್ಚಟಗಳಿಗೆ ದಾಸನಾಗಿ, ಕುಟುಂಬದ ಹಿತವನ್ನು ಕಡೆಗಣಿಸಿ, ತನ್ನ ವಿಲಾಸಕ್ಕಾಗಿ ಸದರಿ ಸಾಲವನ್ನು ಪಡೆದಿರುತ್ತಾನೆ."

ಅಪ್ಪನಿಗೆ ಕುಡಿತವಿಲ್ಲ, ಬೀಡಿ ಇಲ್ಲ, ಇಸ್ಪೀಟಿಲ್ಲ. ಕಾಫಿಗೆ ಒಂದು ಚಮಚ ಸಕ್ಕರೆ ಹೆಚ್ಚು ಬೇಕು, ಅಷ್ಟೆ. ಹುಳುವಿನ ಮನೆಯಲ್ಲಿ ಹೊಗೆ ಆಗದು ಎಂದು ಮದುವೆಯಾದ ವರ್ಷ ಬಿಟ್ಟ ಬೀಡಿಯನ್ನು ಬಸ್ಸಿನಲ್ಲಿ ಕೂತಾಗಲೂ ಮುಟ್ಟಿದವರಲ್ಲ.

ಅವರು ಆ ಸಾಲನ್ನು ಓದಿದರು. ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡರು.

"ಹಾಕವ್ವ," ಎಂದರು. "ರುಜು ಹಾಕು. ಮನೆ ಉಳೀತದಲ್ಲ."

"ಅಪ್ಪಾ, ಇದರಲ್ಲಿ ಏನು ಬರೆದವ್ರೆ ಅಂತ..."

"ಓದ್ದೆ ಕಣವ್ವ. ಬರೀ ಕಾಗದ್ದಾಗೆ ತಾನೆ? ಯಾರ್ ಓದಾರು?"

ರಿಜಿಸ್ಟರು ಈಸಿಕೊಳ್ಳದ ಮನುಷ್ಯ ಇದನ್ನು ಈಸಿಕೊಂಡಿದ್ದರು. ಚರ್ಚಾಸ್ಪರ್ಧೆಯಲ್ಲಿ ಎದುರು ಕೂತವರಿಗೆಲ್ಲ ಗೊತ್ತಿರುತ್ತದೆ, ಇದು ಚೀಟಿಯಲ್ಲಿ ಬಂದ ಪಕ್ಷ ಎಂದು. ದಾವೆಯ ಕೊನೆಯಲ್ಲಿ ಹಾಗಿರಲಿಲ್ಲ. ಮೇಲೆ ಬರೆದದ್ದೆಲ್ಲ ನನ್ನ ತಿಳಿವಳಿಕೆಯ ಮಟ್ಟಿಗೆ ಸತ್ಯ ಎಂದು ಬರೆದು, ಅದರ ಕೆಳಗೆ ನನ್ನ ರುಜುವಿಗೆ ಜಾಗ ಬಿಟ್ಟಿದ್ದರು.

ನಾನು ಎದ್ದು ಒಳಗೆ ಹೋಗಿ ಕೇಳಿದೆ. "ಸರ್, ಸೈಟು ನಮ್ಮಪ್ಪ ಸ್ವಂತ ದುಡಿಮೆಯಲ್ಲಿ ತಗೊಂಡಿದ್ದು. ಅದಕ್ಕೆ ಪತ್ರ ಇದೆ. ಸಾಲದ ಕಾಗದಕ್ಕೆ ನಮ್ಮವ್ವನೂ ಸಹಿ ಹಾಕಿದ್ದಾಳೆ. ಆಮೇಲೆ ಈ ಥರದ ನೋಟೀಸನ್ನ ಇಲ್ಲಿನ ಸಿವಿಲ್ ಕೋರ್ಟು ಕೇಳೋಹಂಗಿಲ್ಲ, ಬೇರೆ ನ್ಯಾಯಮಂಡಳಿ ಇದೆ ಅಂತ ಓದಿದೆ. ಹೌದಾ?"

"ಎಲ್ಲಿ ಓದಿದ್ರಿ?"

"ನೋಟೀಸಲ್ಲೇ ಸರ್. ಕಾಯ್ದೆಯ ಹೆಸರು ಹಾಕವ್ರೆ, ಅದನ್ನ ಹುಡುಕಿದೆ."

ಅವರು ಮಾವನ ಕಡೆ ತಿರುಗಿದರು. "ಗೌಡ್ರೇ, ನಿಮ್ ಸೊಸೇನೇ ಲಾಯರ್ ಮಾಡ್ಕೊಳಿ. ನನ್ನತ್ರ ಯಾಕ್ ಕರ್ಕೊಂಡ್ ಬಂದ್ರಿ?"

ಬಸ್ಸಿನಲ್ಲಿ ಬರುವಾಗ ಮಾವ ಒಂದು ಸೀಟು ಮುಂದೆ ಹೋಗಿ ಕೂತ. ಇಳಿಯುವ ಮೊದಲು ತಿರುಗಿ, "ನಿನ್ ಬಾಯಿಗೆ ಒಂದು ಮನೆ ಹೋಯ್ತದೆ ನೋಡ್ತಿರು," ಎಂದ. ಅವ್ವ ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಹುಳುಗಳಿಗೆ ಸೊಪ್ಪು ಹಾಕುತ್ತಾ, "ನಿಮಗಾರಾ ಬುದ್ಧಿ ಐತೆ," ಎಂದು ನನಗೆ ಕೇಳುವ ಹಾಗೆ ಹೇಳಿದಳು. ಅವಳ ಭಯ ನನಗೆ ಅರ್ಥವಾಗುತ್ತಿತ್ತು. ಮನೆ ಹೋದರೆ ಅವಳಿಗೆ ಸೂರಿನ ಜೊತೆಗೆ ಕಸುಬೂ ಹೋಗುತ್ತದೆ. ಬಾಡಿಗೆ ಮನೆಯಲ್ಲಿ ಹುಳು ಮೇಯಿಸಲು ಯಾರು ಬಿಡುತ್ತಾರೆ?

ಕಾಲೇಜು ಬಿಟ್ಟ ಮೇಲೆ ರಾಮನಗರದ ಕೋರ್ಟಿನ ಕಡೆಗೆ ನಾನೊಬ್ಬಳೇ ಹೋಗತೊಡಗಿದೆ. ಯಾರ ಕಡೆಯವರು ಎಂಬ ಪ್ರಶ್ನೆಯನ್ನು ಕೈಬಿಟ್ಟು ನನ್ನದೇ ಒಂದು ಪ್ರಶ್ನೆ ಮಾಡಿಕೊಂಡಿದ್ದೆ: "ಕೇಸು ಹಾಕಬೇಡಿ ಅಂತ ನೀವು ಕೊನೇ ಸಲ ಯಾರಿಗೆ ಹೇಳಿದ್ರಿ?" ಒಬ್ಬರು ನಾನು ಪತ್ರಿಕೆಯವಳು ಎಂದುಕೊಂಡು ಕುರ್ಚಿ ಹಾಕಿಸಿದರು. ಇನ್ನೊಬ್ಬರು, "ಹಂಗ್ ಹೇಳಕ್ಕೆ ನಾನ್ಯಾಕಮ್ಮ ಆಫೀಸ್ ಇಟ್ಕೊಂಡಿರ್ಲಿ?" ಎಂದರು. ಪ್ರಾಮಾಣಿಕರು, ಆದರೆ ನನಗೆ ಬೇಕಾದವರಲ್ಲ.

ಬಸ್ ನಿಲ್ದಾಣದ ಹತ್ತಿರ, ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ಒಬ್ಬ ಹೆಂಗಸು ವಕೀಲರಿದ್ದರು. ಐವತ್ತರ ಆಸುಪಾಸು. ಕರಿ ಕೋಟನ್ನು ಕುರ್ಚಿಗೆ ಹಾಕಿ ಕಡಲೆಕಾಯಿ ಬಿಡಿಸುತ್ತಿದ್ದರು. ನನ್ನ ಪ್ರಶ್ನೆ ಕೇಳಿ ತಲೆ ಎತ್ತದೆ ಹೇಳಿದರು. "ನೆನ್ನೆ. ತಮ್ಮನ ಮೇಲೆ ಹಾಕ್ಬೇಕು ಅಂತ ಒಬ್ಬ ಬಂದಿದ್ದ. ಟೀ ಕುಡಿಸಿ, ಬುದ್ಧಿ ಹೇಳಿ ಕಳಿಸ್ದೆ."

"ಒಪ್ಕೊಂಡ್ರಾ?"

"ಎಲ್ಲಿ! ಪಕ್ಕದ ಆಫೀಸಿಗೋಗಿ ಹಾಕ್ದ. ಟೀ ದುಡ್ಡು ನಂದು ಹೋಯ್ತು. ನಿಂದೇನು?"

ನೋಟೀಸು ಕೊಟ್ಟೆ. ಅವರು ಕೇಳಿದ ಮೊದಲ ಮಾತು, "ಅಂಟಿಸಿ ಎಷ್ಟು ದಿನ ಆಯ್ತು?" ಅಲ್ಲಿಯವರೆಗೆ ಯಾರೂ ಅದನ್ನು ಕೇಳಿರಲಿಲ್ಲ. ಹೇಳಿದೆ. ಬೆರಳು ಮಡಿಸಿ ಎಣಿಸಿಕೊಂಡು, "ಇನ್ನೂ ಟೈಮಿದೆ, ಜಾಸ್ತಿ ಇಲ್ಲ. ಇದು ನಮ್ಮ ಕೋರ್ಟಿನ ವಿಷಯ ಅಲ್ಲ. ಬೆಂಗಳೂರಲ್ಲಿ ಸಾಲ ವಸೂಲಾತಿ ನ್ಯಾಯಮಂಡಳಿ ಅಂತ ಇದೆ, ಗಡುವಿನೊಳಗೆ ಅಲ್ಲಿ ಅರ್ಜಿ ಹಾಕ್ಬೇಕು. ನಾನು ಅಲ್ಲಿ ನಡೆಸಲ್ಲ. ನನ್ನ ಜೊತೆ ಓದಿದವಳು ನಡೆಸ್ತಾಳೆ, ಅವಳು ಅರ್ಜಿ ಹಾಕ್ಲಿ, ಇಲ್ಲಿಂದು ನಾನು ನೋಡ್ಕೋತೀನಿ," ಎಂದರು.

ಒಬ್ಬ ವಕೀಲರು ತಮಗೆ ಏನು ಬರುವುದಿಲ್ಲ ಎಂದು ಹೇಳಿದ್ದನ್ನು ಆ ವಾರ ಮೊದಲ ಸಲ ಕೇಳಿದೆ. ನನ್ನ ಅನುಮಾನಕ್ಕೆ ಹಿಡಿದುಕೊಳ್ಳಲು ಏನೂ ಸಿಗಲಿಲ್ಲ. ಆದರೂ ಪ್ರಯತ್ನಿಸಿದೆ. "ಮನೆ ಉಳಿಯುತ್ತೆ ಅಂತೀರಾ?"

"ಅನ್ನಲ್ಲ. ಸಾಲ ಮಾಡಿರೋದು ನಿಜ, ಕಟ್ಟದೆ ಇರೋದು ನಿಜ. ಅದನ್ನ ಅಳಿಸೋಕೆ ನನ್ನತ್ರ ರಬ್ಬರ್ ಇಲ್ಲ. ಟೈಮ್ ಕೊಡಿಸ್ಬೋದು. ಕೊಡಿಸಿದ್ರೆ ಆ ಟೈಮಲ್ಲಿ ನೀವೇನ್ ಮಾಡ್ತೀರಾ? ಅದನ್ನ ಮನೇಲಿ ಮಾತಾಡ್ಕೊಂಡ್ ಬನ್ನಿ. ಉತ್ತರ ಇಲ್ದೆ ಇದ್ರೆ ನನ್ನ ಫೀಸೂ ದಂಡ."

ಮನೆಗೆ ಹೋಗಿ ಆ ಪ್ರಶ್ನೆಯನ್ನು ಅಪ್ಪನ ಮುಂದಿಟ್ಟೆ. ವಾದ ಸೇರಿಸಲಿಲ್ಲ. ಅಪ್ಪ ಎದ್ದು ಹೊರಗೆ ಹೋದರು. ಬಸ್ಸಿನ ಬಾಗಿಲು ತೆಗೆದ ಸದ್ದು ಕೇಳಿಸಿತು, ಮುಚ್ಚಿದ ಸದ್ದು ಬಹಳ ಹೊತ್ತು ಬರಲಿಲ್ಲ. ಒಳಗೆ ಬಂದು, "ಗಿರಾಕಿ ನೋಡಾನ," ಎಂದಷ್ಟೇ ಹೇಳಿದರು. ಅವ್ವ ಆ ದಿನ ಅವರ ಕಾಫಿಗೆ ಎರಡು ಚಮಚ ಸಕ್ಕರೆ ಹೆಚ್ಚು ಹಾಕಿದಳು.

ಅರ್ಜಿ ಬೆಂಗಳೂರಿನಲ್ಲಿ ದಾಖಲಾಯಿತು. ಆದರೆ ಅದು ವಿಚಾರಣೆಗೆ ಬರುವ ಮೊದಲೇ ಇಲ್ಲಿ ಇನ್ನೊಂದು ಕಾಗದ ಬಂತು. ಮನೆ ಖಾಲಿ ಮಾಡಿಸಲು ಕಂಪನಿಯವರು ಇಲ್ಲಿನ ಮ್ಯಾಜಿಸ್ಟ್ರೇಟ್ ಕೋರ್ಟಿನಿಂದ ಆದೇಶ ಪಡೆದಿದ್ದರು. ಅದನ್ನು ಜಾರಿ ಮಾಡಲು ರಾಮನಗರದ ಒಬ್ಬ ವಕೀಲರನ್ನೇ ಕೋರ್ಟಿನ ಕಮಿಷನರ್ ಆಗಿ ನೇಮಿಸಲಾಗಿತ್ತು. ಅವರು ಬರುವ ದಿನಕ್ಕೂ ಬೆಂಗಳೂರಿನ ವಿಚಾರಣೆಗೂ ನಡುವೆ ಒಂದು ವಾರದ ಅಂತರ. ಆ ವಾರದಲ್ಲಿ ಬೀಗ ಬಿದ್ದರೆ ಅರ್ಜಿ ಗೆದ್ದರೂ ನಾವು ಬೀದಿಯಲ್ಲಿ ನಿಂತು ಗೆದ್ದ ಹಾಗೆ.

ಅವ್ವನ ಕಸುಬು ತಿಳಿದಿದ್ದ ನಮ್ಮ ವಕೀಲರು ಫೋನಿನಲ್ಲಿ ವಿಚಾರಿಸಿದ್ದು ಒಂದೇ. "ಹುಳ ಯಾವ ಹಂತದಲ್ಲಿವೆ?"

ಹುಳು ಪೊರೆ ಕಳಚಲು ಮೇವು ಬಿಟ್ಟು ಮಲಗುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ನಾಲ್ಕು ಜ್ವರ ಮುಗಿಸಿದ ಹುಳು ಹಗಲೂ ರಾತ್ರಿ ಮೇಯ್ದು, ಹಣ್ಣಾಗಿ, ಗೂಡು ಕಟ್ಟುತ್ತದೆ. ಆ ವಾರ ಅದನ್ನು ಕದಲಿಸಿದರೆ ಬೆಳೆ ಪೂರ್ತಿ ಹೋಯಿತು. ನಾನು ಅವ್ವನನ್ನು ಕೇಳಿ ಹೇಳಿದೆ. "ನಾಲ್ಕನೇ ಜ್ವರ ಎದ್ದವಂತೆ ಮೇಡಂ."

"ಸರಿ. ಅವತ್ತು ಬಾಗಿಲು ತೆಗೆದಿಟ್ಟಿರಿ. ಯಾರೂ ಜಗಳ ಆಡ್ಬೇಡಿ. ನೀನಂತೂ ಬಾಯೇ ಬಿಡ್ಬೇಡ."

ಕಮಿಷನರು ಬಂದರು. ಜೊತೆಗೆ ಇಬ್ಬರು ಪೊಲೀಸರು, ಕಂಪನಿಯ ಅಧಿಕಾರಿ, ಬೀಗ ಹಾಕುವವನು. ನಮ್ಮ ವಕೀಲರು ಆಗಲೇ ಬಂದು ಜಗಲಿಯಲ್ಲಿ ಕೂತಿದ್ದರು. ಕಮಿಷನರು ಮೆಟ್ಟಿಲ ಬಳಿ ಬಂದವರು ಬಿಳಿ ಗೀಟು ನೋಡಿ ನಿಂತರು. ಮೂಗು ಅರಳಿಸಿದರು. ಸಾವಿರಾರು ಹುಳುಗಳು ಸೊಪ್ಪು ಮೇಯುವ ಸದ್ದು ಒಳಗಿನಿಂದ ಸಣ್ಣ ಮಳೆಯ ಹಾಗೆ ಕೇಳುತ್ತಿತ್ತು.

ಅವರು ಚಪ್ಪಲಿ ಬಿಟ್ಟರು.

"ಹಣ್ಣಾಗಕ್ಕೆ ಎಷ್ಟು ದಿನ ಅಮ್ಮಾ?" ಎಂದು ಗೀಟಿನ ಈಚೆಯಿಂದಲೇ ಅವ್ವನನ್ನು ಕೇಳಿದರು.

"ಇನ್ನೊಂದ್ ಐದಾರು ದಿನಕ್ಕೆ ಹಣ್ಣಾಯ್ತವೆ ಸಾ. ಗೂಡು ಕಟ್ಟಿ ಬುಡಿಸಕ್ಕೆ ಇನ್ನೊಂದಷ್ಟ್ ದಿನ."

"ತಳಿ ಯಾವ್ದು? ಬಿಳೀದಾ?"

"ಬಿಳೀದೇ ಸಾ. ನಿಮ್ ಮನೇಲೂ ಮೇಯಿಸ್ತೀರಾ?"

"ನಮ್ಮಮ್ಮ ಮೇಯಿಸ್ತಿದ್ರು, ಚನ್ನಪಟ್ಟಣದ ಹತ್ರ. ನನ್ನ ಪರೀಕ್ಷೆ ಇದ್ರೂ ನನಗೆ ನಡುಮನೇಲಿ ಜಾಗ ಇರ್ಲಿಲ್ಲ."

ಕಂಪನಿಯ ಅಧಿಕಾರಿಗೆ ರೇಗಿತು. "ಸರ್, ಹುಳಾನ ಆಚೆ ಇಟ್ರೆ ಆಯ್ತಪ್ಪ. ಇದೆಲ್ಲ ಡ್ರಾಮಾ."

"ನೀವು ಇಡ್ತೀರಾ?" ಎಂದರು ಕಮಿಷನರು. "ಒಂದೊಂದಾಗಿ ಎತ್ತಿ ಇಡಿ, ಒಂದೂ ಸಾಯಬಾರ್ದು. ನಾನು ಬರ್ಕೋತೀನಿ." ಒಬ್ಬ ಪೊಲೀಸ್ ಮುಖ ತಿರುಗಿಸಿ ನಕ್ಕ.

ಜೀವಂತ ಹುಳು ತುಂಬಿದ ಮನೆಯನ್ನು ಈ ದಿನ ಖಾಲಿ ಮಾಡಿಸಲಾಗಲಿಲ್ಲ, ಗೂಡು ಬಿಡಿಸಿದ ಮೇಲೆ ಬೇರೆ ದಿನ ಗೊತ್ತುಮಾಡಲಾಗುವುದು ಎಂದು ಅವರು ಅಲ್ಲೇ ಬರೆದರು. ಅವ್ವ ಗೀಟಿನಾಚೆಗೆ ಲೋಟ ಚಾಚಿ ಎಲ್ಲರಿಗೂ ಕಾಫಿ ಕೊಟ್ಟಳು. ಅಧಿಕಾರಿಯೂ ಕುಡಿದ.

ನಾನು ಬಾಯಿ ಬಿಡದಿದ್ದದ್ದು ಅವರು ಹೋಗುವವರೆಗೆ ಮಾತ್ರ. ಆಮೇಲೆ ನಮ್ಮ ವಕೀಲರನ್ನು ಹಿಡಿದುಕೊಂಡೆ. "ಮೇಡಂ, ಇದು ಯಾವ ಕಾನೂನು?"

"ಕಾನೂನಲ್ಲ. ಆದೇಶದಲ್ಲಿ ಇದೇ ದಿನ ಅಂತಿಲ್ಲ. ದಿನ ಗೊತ್ತುಮಾಡೋದು ಅವನ ವಿವೇಚನೆ."

"ಅಂದ್ರೆ ಅವರಮ್ಮ ಹುಳ ಮೇಯಿಸಿದ್ರಿಂದ ನಮಗೆ ವಾರ ಸಿಕ್ತು. ಮೇಯಿಸದೆ ಇದ್ದಿದ್ರೆ? ಇದೂ 'ನಮ್ಮೋರು' ಅನ್ನೋದೇ ಅಲ್ವಾ?"

ಅವರು ಚಪ್ಪಲಿ ಮೆಟ್ಟಿಕೊಂಡರು. "ಅವನಮ್ಮನ ವಿಷಯ ನನಗೆ ಮೊದಲೇ ಗೊತ್ತಿತ್ತು. ಮೇಯಿಸದೆ ಇದ್ದಿದ್ರೆ ಇನ್ನೊಂದು ಕಾರಣ ಹುಡುಕ್ತಿದ್ದೆ. ಆದ್ರೆ ಒಂದು ತಿಳ್ಕೋ. ಅವನಿಗೆ ನಾನು ಸುಳ್ಳು ತೋರಿಸ್ಲಿಲ್ಲ. ನಿಮ್ಮನೇಲಿ ನಿಜವಾಗ್ಲೂ ಏನಿದ್ಯೋ ಅದನ್ನೇ ತೋರಿಸ್ದೆ."

ಈ ಉತ್ತರ ನನಗೆ ಪೂರ್ತಿ ಸಮಾಧಾನ ಕೊಟ್ಟಿಲ್ಲ. ಹುಳುವಿಲ್ಲದ, ಕಮಿಷನರಿಗೆ ಗುರುತು ಸಿಗದ ಕಷ್ಟವಿರುವ ಮನೆಗಳಿಗೆ ಬೀಗ ಬೀಳುತ್ತಲೇ ಇರುತ್ತದೆ. ಆದರೆ ಕನಕಪುರದ ಬೆಂಚಿನ ಮೇಲೆ ಅಪ್ಪ ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡದ್ದನ್ನೂ ನಾನು ನೋಡಿದ್ದೇನೆ. ಅಲ್ಲಿನ ಸುಳ್ಳು, ಇಲ್ಲಿನ ಹುಳು ಎರಡೂ ಒಂದೇ ಎಂದು ಯಾರಾದರೂ ವಾದಿಸಿದರೆ ವಿರೋಧ ಪಕ್ಷದಲ್ಲಿ ನಿಲ್ಲಲು ಚೀಟಿ ಎತ್ತಬೇಕಾಗಿಲ್ಲ.

ಬೆಂಗಳೂರಿನ ನ್ಯಾಯಮಂಡಳಿ ತಡೆ ಕೊಟ್ಟಿತು. ಇಷ್ಟು ದಿನದೊಳಗೆ ಬಾಕಿಯ ಒಂದು ಭಾಗ ಕಟ್ಟಬೇಕು ಎಂಬ ಷರತ್ತಿನ ಮೇಲೆ. ಅಪ್ಪ ಬಸ್ಸು ಮಾರಿದರು. ಕೊಂಡವನು ಹಾರೋಹಳ್ಳಿಯ ಅದೇ ದೊಡ್ಡ ಕಾಂಟ್ರಾಕ್ಟರಿನ ಕೈಕೆಳಗೆ ಗಾಡಿ ಓಡಿಸುವವನು. ಅವನಿಗೆ ಡ್ರೈವರ್ ಬೇಕಿತ್ತು. ಈಗ ಅಪ್ಪ ಸಂಬಳಕ್ಕೆ ತಮ್ಮದೇ ಬಸ್ಸು ಓಡಿಸುತ್ತಾರೆ. "ಸೀಟೂ ಅದೇ, ಸ್ಟೇರಿಂಗೂ ಅದೇ. ತೊಳಿಯೋದು ಮಾತ್ರ ಅವನು ತೊಳೀತನೆ," ಎನ್ನುತ್ತಾರೆ. ಹೇಳಿ ನಗುತ್ತಾರೆ. ಆ ನಗು ಮೊದಲಿನಷ್ಟು ಸಲೀಸಾಗಿ ಬರುವುದಿಲ್ಲ. ಉಳಿದದ್ದನ್ನು ಕಂತಿಗೆ ಸೇರಿಸಿಕೊಳ್ಳಲು ಕಂಪನಿ ಬರವಣಿಗೆಯಲ್ಲಿ ಒಪ್ಪಿದೆ. ಆ ಒಪ್ಪಿಗೆ ರಿಜಿಸ್ಟರ್ ಅಂಚೆಯಲ್ಲಿ ಬಂತು. ಅಪ್ಪ ಪೋಸ್ಟ್‌ಮ್ಯಾನ್ ಸೈಕಲ್ ನಿಲ್ಲಿಸುವ ಮೊದಲೇ ಕೈ ಚಾಚಿದ್ದರು.

ಮಾವ ಈಗ ನನ್ನೊಡನೆ ಮಾತಾಡುತ್ತಾನೆ. ಅವನ ಪ್ರಕಾರ ಕನಕಪುರದ ದಾವೆ ಹಾಕಿದ್ದರೆ ಬಸ್ಸೂ ಉಳಿಯುತ್ತಿತ್ತು. ನಾವು ಈ ಬಗ್ಗೆ ಜಗಲಿಯಲ್ಲಿ ಕೂತು ವಾದ ಮಾಡುತ್ತೇವೆ, ಅವನು ಸೋಲುವುದಿಲ್ಲ.

ಬಾಗಿಲಿನ ಕಾಗದ ಕಿತ್ತು ತೆಗೆದೆವು. ಗೋಂದಿನ ಕಲೆ ಚೌಕವಾಗಿ ಉಳಿದಿದೆ. ಸೀಮೆಎಣ್ಣೆಯಲ್ಲಿ ಉಜ್ಜಲು ಹೋದೆ. ಹೊಸ ಹುಳು ಬಂದಿವೆ, ವಾಸನೆ ಆಗದು ಎಂದು ಅವ್ವ ಬಟ್ಟೆ ಕಿತ್ತುಕೊಂಡಳು. ಅಷ್ಟರಲ್ಲಿ ಪಾಳಿ ಮುಗಿಸಿ ಬಂದ ಅಪ್ಪ ಜಗಲಿಯಲ್ಲಿ ಕೂತು ಕಾಫಿ ರುಚಿ ನೋಡಿ, ಲೋಟವನ್ನು ಗೀಟಿನಾಚೆಗೆ ಚಾಚಿದರು.

"ಒಸಿ ಸಕ್ಕರೆ ಹಾಕಮ್ಮಿ."

"ಬಂದ ನೋಡು ದುಶ್ಚಟಗಳ ದಾಸ," ಎಂದು ಅವ್ವ ಡಬ್ಬಿ ತರಲು ಒಳಗೆ ಹೋದಳು.